ಎರ್ಫುರ್ಟಿನ ಟಾಪ್ಫ್ ಕಾರ್ಖಾನೆ: ಒಂದು ಮನೆತನದ ಕಥೆ



ಊರಿನಿಂದ ಜರ್ಮನಿಗೆ ನೆಂಟರು ಬಂದರೆ ನಾವು ಅವರನ್ನು ವೈಮಾರ್‌ಗೆ ಕರೆದೊಯ್ಯುತ್ತೇವೆ. ಗಯಟೆಯ ಮನೆ, ಶಿಲ್ಲರನ ಮನೆ ತೋರಿಸುತ್ತೇವೆ. ಸಾಹಿತ್ಯದ ಹುಚ್ಚಿರುವ ನಮ್ಮಂಥವರಿಗೆ ಅದೊಂದು ತೀರ್ಥಯಾತ್ರೆ. ಅಲ್ಲಿಂದ ರೈಲಿನಲ್ಲಿ ಕಾಲು ಗಂಟೆ ಪ್ರಯಾಣ ಮಾಡಿದರೆ ಎರ್ಫುರ್ಟ್ ಸಿಗುತ್ತದೆ. ನಿಲ್ದಾಣದಿಂದ ಹೆಚ್ಚು ದೂರವಿಲ್ಲದ ಒಂದು ಹಳೆಯ ಕಚೇರಿ ಕಟ್ಟಡವನ್ನೂ ನಾವು ನೋಡಲೇಬೇಕು. ಈ ಸಲದ ಬರಹ ಅದರ ಕುರಿತು.

ಜರ್ಮನ್ ಭಾಷೆಯಲ್ಲಿ 'ಟಾಪ್ಫ್' ಎಂದರೆ ಮಡಕೆ. ಯೊಹಾನೆಸ್ ಆಂಡ್ರೆಯಾಸ್ ಟಾಪ್ಫ್ ಎಂಬ ಬಿಯರ್ ತಯಾರಕ ಬೆಂಕಿಯ ತಂತ್ರ ಚೆನ್ನಾಗಿ ಬಲ್ಲವನು. 1878ರಲ್ಲಿ ಅವನು ಶುರುಮಾಡಿದ ಕಂಪನಿಯೇ ಮುಂದೆ 'ಟಾಪ್ಫ್ ಮತ್ತು ಮಕ್ಕಳು' ಎಂದು ಹೆಸರಾಯಿತು. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸುವ ಮಾಲ್ಟ್ ಯಂತ್ರಗಳೇ ಅವರ ಮುಖ್ಯ ವ್ಯಾಪಾರ. 1914ರಿಂದ ನಗರಸಭೆಗಳ ಚಿತಾಗಾರಗಳಿಗೆ ಕುಲುಮೆಗಳನ್ನೂ ಮಾಡತೊಡಗಿದರು. ಹೆಣ ಸುಡುವುದನ್ನು ಧರ್ಮವೆಂದು ಬಗೆದ ನಾಡಿನಿಂದ ಬಂದ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣದು. 1934ರ ಜರ್ಮನ್ ಕಾನೂನು ಕೂಡ ಸತ್ತವರ ಮರ್ಯಾದೆಯನ್ನು ಕಾಯುವಂಥದ್ದೇ ಆಗಿತ್ತು. ಒಬ್ಬರ ಬೂದಿ ಇನ್ನೊಬ್ಬರದರ ಜೊತೆ ಬೆರೆಯಬಾರದು ಎಂಬ ಎಚ್ಚರ ಅದರಲ್ಲಿತ್ತು.

ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಸ್ಥಾಪಕನ ಮೊಮ್ಮಕ್ಕಳಾದ ಲುಡ್ವಿಗ್ ಮತ್ತು ಎರ್ನ್ಸ್ಟ್ ವೋಲ್ಫ್‌ಗಾಂಗ್ ನಾಟ್ಸಿ ಪಕ್ಷ ಸೇರಿದರು. ವೈಮಾರಿನ ಪಕ್ಕದ ಬುಖೆನ್‌ವಾಲ್ಡ್ ಶಿಬಿರದಲ್ಲಿ ಸಾವುಗಳು ಹೆಚ್ಚಿದಾಗ, 1939ರಲ್ಲಿ ಎಸ್.ಎಸ್. ಪಡೆಗೆ ಸಾಗಿಸಬಲ್ಲ ಕುಲುಮೆಯೊಂದು ಬೇಕಾಯಿತು. ಟಾಪ್ಫ್ ಕಂಪನಿಯ ಎಂಜಿನಿಯರ್ ಕುರ್ಟ್ ಪ್ರ್ಯೂಫರ್ ನಕ್ಷೆ ಬರೆದುಕೊಟ್ಟ. ಬೂದಿ ಬೇರೆಯಾಗಿರಬೇಕೆಂಬ ನಿಯಮ ಅಲ್ಲಿಗೆ ಮುಗಿಯಿತು. ಆಮೇಲೆ ದಾಖೌ, ಮೌಟ್‌ಹೌಸನ್, ಆಕ್ರಮಿತ ಪೋಲೆಂಡಿನ ಆಶ್‌ವಿಟ್ಸ್. ಬಿರ್ಕೆನೌದ ನಾಲ್ಕು ಚಿತಾಗಾರಗಳಲ್ಲಿ 46 ದಹನ ಗೂಡುಗಳು, ಎಲ್ಲವೂ ಎರ್ಫುರ್ಟಿನವು.

ಕುಲುಮೆಗಳಷ್ಟೇ ಅಲ್ಲ. ಕಾರ್ಲ್ ಶುಲ್ಟ್ಸೆ ಎಂಬ ಎಂಜಿನಿಯರ್ ಅಲ್ಲಿನ ವಿಷಾನಿಲ ಕೋಣೆಗಳಿಗೆ ಗಾಳಿ ಹೊರಹಾಕುವ ವ್ಯವಸ್ಥೆ ರೂಪಿಸಿದ. 1943ರ ಮಾರ್ಚ್ 2ರಂದು ಕಂಪನಿ ಶಿಬಿರಕ್ಕೆ ಬರೆದ ಪತ್ರದಲ್ಲಿ, ವಿಷಾನಿಲ ಉಳಿದಿದೆಯೇ ಎಂದು ಪರೀಕ್ಷಿಸುವ ಸಾಧನದ ವಿಚಾರಣೆಯಿದೆ. ಅಲ್ಲಿ ನಡೆಯುವುದೇನೆಂದು ತಮಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಫ್ರಿಟ್ಸ್ ಸಾಂಡರ್ ಎಂಬ ಇನ್ನೊಬ್ಬ ಎಂಜಿನಿಯರ್, ಯಾರೂ ಕೇಳದೆಯೇ, ಬಿಡುವಿಲ್ಲದೆ ಉರಿಯುವ ಕುಲುಮೆಯೊಂದನ್ನು ಯೋಚಿಸಿ 1942ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ.

ಓದುತ್ತಾ ಹೋದಂತೆ ನಮ್ಮನ್ನು ಬೆಚ್ಚಿಬೀಳಿಸುವುದು ಲೆಕ್ಕದ ಪುಸ್ತಕ. ಶಿಬಿರಗಳ ಈ ವ್ಯಾಪಾರ ಕಂಪನಿಯ ಒಟ್ಟು ವಹಿವಾಟಿನ ನೂರಕ್ಕೆ ಮೂರಕ್ಕಿಂತ ಕಡಿಮೆ. ಬಿಟ್ಟಿದ್ದರೆ ಯಾರೂ ಉಪವಾಸ ಬೀಳುತ್ತಿರಲಿಲ್ಲ. ಬರ್ಲಿನ್ನಿನ ಕೋರಿ ಎಂಬ ಪ್ರತಿಸ್ಪರ್ಧಿ ಕಂಪನಿಯೂ ಇತ್ತು. ಇನ್ನೂ ವಿಚಿತ್ರವೆಂದರೆ ಇದೇ ಅಣ್ಣತಮ್ಮಂದಿರು ನಾಟ್ಸಿಗಳು 'ಅರ್ಧ ಯಹೂದಿ' ಎಂದು ಹೆಸರಿಟ್ಟ ನೌಕರನನ್ನು ಕೆಲಸದಲ್ಲಿ ಉಳಿಸಿಕೊಂಡರು, ಕಮ್ಯುನಿಸ್ಟರಿಗೂ ಕೆಲಸ ಕೊಟ್ಟರು. ಅದೇ ಕಾರ್ಖಾನೆಯಲ್ಲಿ ಆರು ನೂರಕ್ಕೂ ಹೆಚ್ಚು ಪರದೇಶಿಯರು ಜೀತದಂತೆ ದುಡಿದರು. ಒಳ್ಳೆಯತನ ಎದುರಿಗೆ ಕಾಣುವ ಮುಖಕ್ಕೆ ಮಾತ್ರ. ನಕ್ಷೆಯ ಮೇಲಿನ ಹೆಣಗಳಿಗೆ ಮುಖವಿರಲಿಲ್ಲ.

1945ರ ಏಪ್ರಿಲ್ 12ರಂದು ಅಮೆರಿಕನ್ ಸೇನೆ ಎರ್ಫುರ್ಟನ್ನು ಹಿಡಿಯಿತು. ಆಮೇಲೆ ವಿಚಾರಣೆ ಶುರುವಾಯಿತು. ಮೇ 31ರಂದು ಲುಡ್ವಿಗ್ ತಾನು ನಿರಪರಾಧಿ ಎಂದು ಬರೆದಿಟ್ಟು ಪ್ರಾಣ ಕಳೆದುಕೊಂಡ. ತಮ್ಮ ಜೂನ್‌ನಲ್ಲಿ ಪಶ್ಚಿಮಕ್ಕೆ ಹೋದ. ಜುಲೈ ಆರಂಭದಲ್ಲಿ ಅಮೆರಿಕನ್ನರು ಹೋಗಿ ಸೋವಿಯತ್ ಸೇನೆ ಬಂದಿತು. ಅವನು ಮರಳಲಿಲ್ಲ. 1946ರ ಮಾರ್ಚ್‌ನಲ್ಲಿ ಸೋವಿಯತ್ ಅಧಿಕಾರಿಗಳು ಪ್ರ್ಯೂಫರ್, ಸಾಂಡರ್, ಶುಲ್ಟ್ಸೆ ಮತ್ತು ಕಾರ್ಖಾನೆಯ ಮುಖ್ಯಸ್ಥ ಗುಸ್ಟಾವ್ ಬ್ರೌನ್‌ರನ್ನು ಬಂಧಿಸಿದರು. ಸಾಂಡರ್ ಬಂಧನದಲ್ಲೇ ಸತ್ತ. ಉಳಿದ ಮೂವರಿಗೆ 1948ರಲ್ಲಿ 25 ವರ್ಷಗಳ ಶಿಕ್ಷೆಯಾಯಿತು. 1952ರಲ್ಲಿ ಪ್ರ್ಯೂಫರ್ ಸೋವಿಯತ್ ಸೆರೆಯಲ್ಲಿ ತೀರಿಕೊಂಡ. ಉಳಿದಿಬ್ಬರು 1955ರಲ್ಲಿ ಬಿಡುಗಡೆಯಾದರು. ಕಾರ್ಖಾನೆ ಸರಕಾರದ ಸ್ವತ್ತಾಗಿ, ಮತ್ತೆ ಮಾಲ್ಟ್ ಯಂತ್ರಗಳನ್ನು ಮಾಡತೊಡಗಿತು. ಅತ್ತ ಪಶ್ಚಿಮದಲ್ಲಿ ಎರ್ನ್ಸ್ಟ್ ವೋಲ್ಫ್‌ಗಾಂಗ್ ಅದೇ ಹೆಸರಿನಲ್ಲಿ ಹೊಸ ಕಂಪನಿ ತೆರೆದ. 1963ರಲ್ಲಿ ಅದು ದಿವಾಳಿಯಾಯಿತು. ಅವನಿಗೆ ಯಾವ ನ್ಯಾಯಾಲಯವೂ ಶಿಕ್ಷೆ ಕೊಡಲಿಲ್ಲ.

ಎರ್ಫುರ್ಟಿನ ಕಾರ್ಖಾನೆಯೂ 1996ರಲ್ಲಿ ಮುಚ್ಚಿತು. ಪಾಳುಬಿದ್ದ ಆವರಣಕ್ಕೆ 2001ರಲ್ಲಿ ಮೂರನೆಯ ಆಕ್ರಮಣ ನಡೆಯಿತು. ಈ ಸಲ ಸೇನೆಯಲ್ಲ, ಊರಿನ ಯುವಕ ಯುವತಿಯರು. ಅಲ್ಲೇ ಬೀಡುಬಿಟ್ಟು, ಬಂದವರಿಗೆ ಆ ಜಾಗದ ಚರಿತ್ರೆ ಹೇಳುತ್ತಿದ್ದರು. 2009ರಲ್ಲಿ ಪೊಲೀಸರು ಅವರನ್ನು ಹೊರಹಾಕಿದರು. ಸ್ಥಾಪಕನ ಮರಿಮಗ, ಪತ್ರಕರ್ತ ಹಾರ್ಟ್‌ಮುಟ್ ಟಾಪ್ಫ್ ಕೂಡ ಮನೆತನದ ಹೆಸರನ್ನು ಮುಚ್ಚಿಡದೆ ಸ್ಮಾರಕದ ಪರವಾಗಿ ನಿಂತರು. 2011ರ ಜನವರಿ 27ರಂದು ಕಚೇರಿ ಕಟ್ಟಡ ಸ್ಮಾರಕವಾಗಿ ತೆರೆಯಿತು.

ನಕ್ಷೆ ಬರೆಯುತ್ತಿದ್ದ ಮೇಲಂತಸ್ತಿನ ಕಿಟಕಿಯಿಂದ ದೂರದಲ್ಲಿ ಎಟ್ಟರ್ಸ್‌ಬರ್ಗ್ ಬೆಟ್ಟ ಕಾಣುತ್ತದೆ. ಬುಖೆನ್‌ವಾಲ್ಡ್ ಇರುವುದು ಆ ಬೆಟ್ಟದ ಮೇಲೆಯೇ. ಆ ಮೇಜುಗಳ ಮುಂದೆ ಕುಳಿತಿದ್ದವರು ರಾಕ್ಷಸರಲ್ಲ, ಸಂಜೆ ಮನೆಗೆ ಹೋಗಿ ಮಕ್ಕಳ ಜೊತೆ ಊಟ ಮಾಡುತ್ತಿದ್ದ ಎಂಜಿನಿಯರುಗಳು. ನಮ್ಮ ಬಳಗದಲ್ಲೂ ಎಂಜಿನಿಯರುಗಳೇ ಹೆಚ್ಚು. ನಮ್ಮ ಮೇಜಿಗೂ ದಿನವೂ ಯಾರದೋ ಬೇಡಿಕೆ ಬರುತ್ತದೆ, ನಾವೂ 'ಇದು ಬರೀ ತಾಂತ್ರಿಕ ವಿಷಯ' ಎಂದು ಮುಂದೆ ಸಾಗಿಸುತ್ತೇವೆ. ಮುಂದಿನ ಸಲ ನೆಂಟರು ಬಂದಾಗ ಗಯಟೆಯ ಮನೆ ನೋಡಿ ಮುಗಿಸಿದ ಮೇಲೆ ಎರ್ಫುರ್ಟಿನಲ್ಲೂ ಇಳಿಯಿರಿ. ಆ ಕಿಟಕಿಯ ಬಳಿ ಸ್ವಲ್ಪ ಹೊತ್ತು ನಿಂತು ಬನ್ನಿ.