ಮರುಭೂಮಿಯ ರಾತ್ರಿಯಾನ

ಸೂರ್ಯನಿಗೆ ಮಿತ್ರನೆಂಬುದೊಂದು ಹೆಸರುಂಟು. ಪೈರಿಗೂ ಪಶುವಿಗೂ ಮನುಷ್ಯನಿಗೂ ಆತನು ಮಿತ್ರನೇ ಸರಿ. ಆದರೆ ಮರುಭೂಮಿಯನ್ನು ದಾಟಬೇಕಾದ ದಾರಿಗನಿಗೆ ಆ ಹೆಸರು ಒಪ್ಪುವುದಿಲ್ಲ. ಅಲ್ಲಿ ತಲೆಯ ಮೇಲೆ ಮೋಡವಿಲ್ಲ, ದಾರಿಯ ಪಕ್ಕದಲ್ಲಿ ಮರವಿಲ್ಲ. ಹಗಲಿನಲ್ಲಿ ಮರಳು ಕೆಂಡದಂತೆ ಕಾಯುವುದು; ಕುಡಿದ ನೀರೆಲ್ಲ ಬೆವರಾಗಿ ಆರಿಹೋಗುವುದು. ಹೀಗಿದ್ದರೂ ಮೋಡವಿಲ್ಲದ ಆ ಆಕಾಶವೇ ಸೂರ್ಯಾಸ್ತವಾದೊಡನೆ ಉಪಕಾರಕ್ಕೆ ಬರುವುದು. ನೆಲದ ಕಾವನ್ನು ತಡೆದಿಡತಕ್ಕ ಮೋಡವೂ ತೇವವೂ ಇಲ್ಲದುದರಿಂದ ಮರಳು ಬೇಗನೆ ತಣಿಯುವುದು. ಆದಕಾರಣ ಪೂರ್ವಕಾಲದ ಸಾರ್ಥವಾಹರು ಹಗಲನ್ನು ವಿಶ್ರಾಂತಿಗೂ ಇರುಳನ್ನು ನಡಿಗೆಗೂ ಇಟ್ಟುಕೊಂಡರು. ಬಿಸಿಲನ್ನು ಬಿಡಬೇಕಾದರೆ ಬೆಳಕನ್ನೂ ಬಿಡಬೇಕಾಯಿತು. ಈ ವ್ಯಾಪಾರದಲ್ಲಿ ಅವರು ಪಡೆದುದೇನು, ತೆತ್ತುದೇನು ಎಂಬುದು ವಿಚಾರಾರ್ಹವಾದ ವಿಷಯ.

ಪಾಲಿ ಜಾತಕಗಳಲ್ಲಿ ಎರಡನೆಯದಾದ ವಣ್ಣುಪಥಜಾತಕದಲ್ಲಿ ಇಂತಹ ಪ್ರಯಾಣದ ವರ್ಣನೆಯೊಂದಿದೆ. ಅರುವತ್ತು ಯೋಜನ ವಿಸ್ತಾರದ ಮರಳುಗಾಡು. ಮುಷ್ಟಿಯಲ್ಲಿ ಹಿಡಿದರೆ ನಿಲ್ಲದಷ್ಟು ನುಣುಪಾದ ಮರಳು. ವರ್ತಕರು ಸೌದೆ, ನೀರು, ಎಣ್ಣೆ, ಅಕ್ಕಿಗಳನ್ನು ಬಂಡಿಗಳಲ್ಲಿ ತುಂಬಿಕೊಂಡು ಇರುಳೆಲ್ಲ ನಡೆಯುವರು. ಬೆಳಗಾಗುತ್ತಲೆ ಬಂಡಿಗಳನ್ನು ಸುತ್ತಲೂ ಮಂಡಲಾಕಾರವಾಗಿ ನಿಲ್ಲಿಸಿ, ಮೇಲೆ ಚಪ್ಪರವನ್ನು ಕಟ್ಟಿ, ಉಂಡು, ನೆರಳಿನಲ್ಲಿ ಹಗಲನ್ನು ಕಳೆಯುವರು. ಸಂಜೆಯ ಊಟವಾಗಿ ನೆಲವು ತಣಿದ ಬಳಿಕ ಮತ್ತೆ ಎತ್ತುಗಳನ್ನು ಹೂಡುವರು. ಸಮುದ್ರಯಾನಕ್ಕೆ ನಾವಿಕನು ಹೇಗೋ ಹಾಗೆ ಈ ಯಾನಕ್ಕೆ ನಕ್ಷತ್ರಗಳನ್ನು ಬಲ್ಲ 'ಥಲನಿಯಾಮಕ'ನೊಬ್ಬನು ಬೇಕು. ಅವನು ಮುಂದಿನ ಬಂಡಿಯಲ್ಲಿ ಹಾಸಿಗೆಯ ಮೇಲೆ ಮಲಗಿ, ಆಕಾಶವನ್ನು ನೋಡುತ್ತ, ಹೀಗೆ ಹೋಗಲಿ ಹಾಗೆ ಹೋಗಲಿ ಎಂದು ಅಪ್ಪಣೆಮಾಡುತ್ತಿರುವನು.

ಐವತ್ತೊಂಬತ್ತು ಯೋಜನಗಳು ಕಳೆದುವು. ಉಳಿದುದು ಒಂದೇ ರಾತ್ರಿಯ ದಾರಿಯೆಂದು ಭಾವಿಸಿ ವರ್ತಕರು ಸೌದೆಯನ್ನೂ ನೀರನ್ನೂ ಚೆಲ್ಲಿ ಹೊರಟರು. ಬಹು ದಿನ ನಿದ್ದೆಗೆಟ್ಟಿದ್ದ ನಿಯಾಮಕನಿಗೆ ಆ ರಾತ್ರಿ ಕಣ್ಣು ಮುಚ್ಚಿತು. ಎತ್ತುಗಳು ತಿರುಗಿಕೊಂಡುದನ್ನು ಅವನು ಅರಿಯಲಿಲ್ಲ. ಅರುಣೋದಯದ ಹೊತ್ತಿಗೆ ಎಚ್ಚೆತ್ತು ನಕ್ಷತ್ರಗಳನ್ನು ನೋಡಿ, ಬಂಡಿಗಳನ್ನು ತಿರುಗಿಸಿರೆಂದು ಕೂಗಿದನು, ಅಷ್ಟರಲ್ಲಿ ಬೆಳಗಾಯಿತು. ನೋಡಿದರೆ ಅದು ಹಿಂದಿನ ದಿನ ತಾವು ಬೀಡುಬಿಟ್ಟಿದ್ದ ಸ್ಥಳವೇ. ನೀರಿಲ್ಲ, ಸೌದೆಯಿಲ್ಲ. ಎಲ್ಲರೂ ಬಂಡಿಗಳ ಕೆಳಗೆ ಬಿದ್ದುಕೊಂಡರು. ಸಾರ್ಥವಾಹನಾದ ಬೋಧಿಸತ್ತ್ವನೊಬ್ಬನು ಮಾತ್ರ ಎದ್ದು ತಿರುಗಾಡಿ ಹುಲ್ಲಿನ ಗಿಡವೊಂದನ್ನು ಕಂಡು ಅಲ್ಲಿ ಅಗೆಯಿಸಿದನು. ಅರುವತ್ತು ಮೊಳದ ಆಳದಲ್ಲಿ ಬಂಡೆ ಸಿಕ್ಕಿತು. ಉಳಿದವರು ಕೈಬಿಟ್ಟರೂ ಅವನು ಇಳಿದು ಬಂಡೆಗೆ ಕಿವಿಗೊಟ್ಟು ನೀರಿನ ಸದ್ದನ್ನು ಕೇಳಿದನು. ಅವನ ಮಾತಿನಂತೆ ಸೇವಕ ಬಾಲಕನೊಬ್ಬನು ಬಂಡೆಯನ್ನು ಒಡೆಯಲು ನೀರು ತಾಳೆಮರದೆತ್ತರಕ್ಕೆ ಚಿಮ್ಮಿತು.

ಇದು ಕಥೆಯಷ್ಟೆ, ಇತಿಹಾಸಕ್ಕೆ ಹೇಗೆ ಸಾಕ್ಷಿಯಾದೀತು ಎಂದು ಕೇಳಬಹುದು. ತಾಳೆಮರದೆತ್ತರದ ಚಿಲುಮೆಯನ್ನು ಕಥೆಗಾರನಿಗೇ ಬಿಡೋಣ. ಆದರೆ ನಕ್ಷತ್ರವನ್ನು ನಂಬಿದ ರಾತ್ರಿಯ ನಡಿಗೆಯು ಕವಿಕಲ್ಪನೆಯಲ್ಲ. ಈ ಕಥೆಯನ್ನು ಅರಿಯದ ಯವನ ಭೂಗೋಳಕಾರನಾದ ಸ್ಟ್ರಾಬೋ ಇದೇ ಮಾತನ್ನು ಮತ್ತೊಂದು ಮರುಭೂಮಿಯ ವಿಷಯದಲ್ಲಿ ಬರೆದಿರುವನು. ಕ್ರಿಸ್ತಪೂರ್ವ 25ರ ಸುಮಾರಿನಲ್ಲಿ ಈಜಿಪ್ಟಿನಲ್ಲಿ ಸಂಚರಿಸಿದ ಇವನು, ನೈಲ್ ನದಿಯ ದಡದ ಕಾಪ್ಟಾಸ್ ಪಟ್ಟಣದಿಂದ ಕೆಂಪು ಸಮುದ್ರಕ್ಕೆ ಹೋಗುವ ದಾರಿಯನ್ನು ವಿವರಿಸುತ್ತ, ಹಿಂದಿನ ಕಾಲದಲ್ಲಿ ಒಂಟೆಯ ವರ್ತಕರು ನಾವಿಕರಂತೆ ನಕ್ಷತ್ರಗಳನ್ನು ನೋಡಿಕೊಂಡು, ನೀರನ್ನು ಜೊತೆಯಲ್ಲಿ ಹೊತ್ತುಕೊಂಡು ರಾತ್ರಿಯಲ್ಲಿ ಮಾತ್ರ ನಡೆಯುತ್ತಿದ್ದರೆಂದೂ, ತನ್ನ ಕಾಲಕ್ಕೆ ಆಳವಾದ ಬಾವಿಗಳನ್ನೂ ಮಳೆನೀರಿನ ತೊಟ್ಟಿಗಳನ್ನೂ ಕಟ್ಟಿದ್ದಾರೆಂದೂ ಹೇಳುವನು. ನಾವಿಕನ ಉಪಮೆಯು ಎರಡೂ ಕಡೆಯಲ್ಲಿ ಬಂದಿರುವುದು ಗಮನಾರ್ಹವಾದುದು.

ಬಾವಿಗಳಾದ ಮೇಲೂ ರಾತ್ರಿಯಾನವು ನಿಲ್ಲಲಿಲ್ಲ. ಕ್ರಿ. ಶ. 77ರ ಸುಮಾರಿನಲ್ಲಿ ತನ್ನ ಪ್ರಕೃತಿಚರಿತ್ರೆಯನ್ನು ಮುಗಿಸಿದ ರೋಮನ್ ಪಂಡಿತ ಪ್ಲಿನಿಯು, ಕಾಪ್ಟಾಸಿನಿಂದ ಬೆರೆನೀಕೆ ಎಂಬ ರೇವಿಗೆ 257 ರೋಮನ್ ಮೈಲಿಗಳೆಂದೂ, ಬಿಸಿಲಿನ ದೆಸೆಯಿಂದ ಹೆಚ್ಚಿನ ದಾರಿಯನ್ನು ರಾತ್ರಿಯಲ್ಲಿ ನಡೆದು ಹಗಲನ್ನು ತಂಗುದಾಣಗಳಲ್ಲಿ ಕಳೆಯುವುದರಿಂದ ಪ್ರಯಾಣಕ್ಕೆ 12 ದಿನಗಳು ಹಿಡಿಯುವುವೆಂದೂ ಬರೆದಿಟ್ಟಿದ್ದಾನೆ. ಬಿಸಿಲಿಗೆ ಇಷ್ಟು ಅಂಜುವ ವರ್ತಕರು ಚಳಿಗಾಲದಲ್ಲಿ ಏಕೆ ಹೊರಡಲಿಲ್ಲ? ಇದಕ್ಕೆ ಉತ್ತರವು ಆ ಮರಳಿನಲ್ಲಿಲ್ಲ, ಅರಬ್ಬೀ ಸಮುದ್ರದ ಗಾಳಿಯಲ್ಲಿದೆ. ಮಲೆಯಾಳದ ಕರಾವಳಿಯ ಮುಸಿರಿಗೆ ಬರಬೇಕಾದ ಹಡಗುಗಳು ನೈರುತ್ಯ ಮಾರುತವನ್ನೇ ನಂಬಿದ್ದುವು. ಆದುದರಿಂದ ನಡುಬೇಸಗೆಯಲ್ಲಿಯೇ ಬೆರೆನೀಕೆಯನ್ನು ಬಿಡಬೇಕಾಗಿದ್ದಿತು. ಹಡಗು ಹೊರಡುವ ಮೊದಲು ಸರಕು ರೇವನ್ನು ಸೇರಬೇಕಾದರೆ ವರ್ಷದ ಅತ್ಯುಗ್ರವಾದ ಬಿಸಿಲಿನಲ್ಲಿಯೇ ಮರುಭೂಮಿಯನ್ನು ದಾಟದೆ ವಿಧಿಯಿಲ್ಲ. ಇಲ್ಲಿ ಮಳೆಯನ್ನು ತರುವ ಗಾಳಿಯೇ ಅಲ್ಲಿ ವರ್ತಕನನ್ನು ಬೇಸಗೆಯ ಮರಳಿಗೆ ನೂಕುತ್ತಿದ್ದಿತು. ಋತುವನ್ನು ಆರಿಸಿಕೊಳ್ಳಲಾರದವನು ಜಾವವನ್ನು ಆರಿಸಿಕೊಂಡನು.

ಬೆರೆನೀಕೆಯ ಅವಶೇಷಗಳು ಈ ಸಂಬಂಧವನ್ನು ಸ್ಥಿರಪಡಿಸಿವೆ. ಇಪ್ಪತ್ತನೆಯ ಶತಮಾನದ ಕೊನೆಯ ಉತ್ಖನನಗಳಲ್ಲಿ ಅಲ್ಲಿನ ಸೆರಾಪಿಸ್ ದೇವಾಲಯದಲ್ಲಿ ಹಿಂದೂದೇಶದ ಮಡಕೆಯೊಂದರಲ್ಲಿ ಏಳು ಕಿಲೋಗ್ರಾಮಿಗೂ ಮೀರಿದ ಕರಿಮೆಣಸು ದೊರೆಯಿತು. ಅಲ್ಲಿಯೇ 2022ರಲ್ಲಿ ಬುದ್ಧವಿಗ್ರಹವೊಂದು ಸಿಕ್ಕಿತು. ಮೂರನೆಯ ಶತಮಾನದ ಫಿಲಿಪ್ ಚಕ್ರವರ್ತಿಯ ಕಾಲದ ಸಂಸ್ಕೃತ ಶಾಸನವೂ ಬೆಳಕಿಗೆ ಬಂದಿತು. ಜಾತಕಗಳ ಬೋಧಿಸತ್ತ್ವನು ಯಾರೋ ಆತನ ಮೂರ್ತಿಯೇ ರಾತ್ರಿಯಾನದ ಮತ್ತೊಂದು ಹಾದಿಯ ಕೊನೆಯಲ್ಲಿ ನಿಂತಿದ್ದಿತು.

ಇನ್ನು ಕತ್ತಲೆಯ ಬೆಲೆ. ಕ್ರಿ. ಶ. 1352ರಲ್ಲಿ ಇಬ್ನ್ ಬತೂತನು ಸಹಾರದ ಉಪ್ಪಿನ ಗಣಿಯಾದ ತಘಾಜದಿಂದ ವಲಾತಕ್ಕೆ ಹೋದನು. ತಂಡವು ಮೂರನೆಯ ಪ್ರಹರದ ನಮಾಜು ಮುಗಿಸಿ ಹೊರಟು ಇರುಳೆಲ್ಲ ನಡೆದು ಬೆಳಗ್ಗೆ ತಂಗುತ್ತಿದ್ದಿತು. ತಕ್‌ಶೀಫ್ ಎಂಬ ದೂತನೊಬ್ಬನನ್ನು ಮುಂದಾಗಿ ವಲಾತಕ್ಕೆ ಕಳುಹಿದರೆ, ಆ ಊರವರು ಎಷ್ಟೋ ದಿನಗಳ ದಾರಿ ಎದುರು ಬಂದು ನೀರು ಕೊಡುವರು. ದೂತನು ದಾರಿಯಲ್ಲಿ ಸತ್ತರೆ ಸುದ್ದಿ ಮುಟ್ಟುವುದಿಲ್ಲ. ತಂಡದವರೆಲ್ಲರೂ ಇಲ್ಲವೆ ಬಹುಮಂದಿ ಬಾಯಾರಿ ಸಾಯುವರು. ಈತನಿಗೆ ಕೊಟ್ಟ ಕೂಲಿ ನೂರು ಮಿತ್ಕಾಲ್ ಬಂಗಾರ. ಏಳನೆಯ ರಾತ್ರಿ ಎದುರು ಬಂದವರ ಬೆಂಕಿಗಳು ಕಂಡಾಗ ತಂಡವು ಸಂತೋಷಪಟ್ಟಿತು. ಅವರ ಮಾರ್ಗದರ್ಶಿಗೆ ಒಂದು ಕಣ್ಣು ಕುರುಡು, ಇನ್ನೊಂದು ರೋಗಪೀಡಿತ. ಆದರೂ ದಾರಿಯನ್ನು ಅವನಷ್ಟು ಬಲ್ಲವರಿರಲಿಲ್ಲವೆಂದು ಬತೂತನು ಬೆರಗಾದನು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ತಿಳಿಯುವುದು. ರಾತ್ರಿಯು ಬಿಸಿಲನ್ನು ತೆಗೆಯಿತು, ಅಪಾಯವನ್ನು ತೆಗೆಯಲಿಲ್ಲ. ಅದನ್ನು ಎಲ್ಲರ ಮೈಯಿಂದ ಇಳಿಸಿ ಒಬ್ಬನ ತಲೆಯ ಮೇಲೆ ಇಟ್ಟಿತು. ಹಗಲಿನಲ್ಲಿ ನೂರು ಜನರ ಕಣ್ಣು ದಾರಿಯನ್ನು ಕಾಯುವುದು. ಇರುಳಿನಲ್ಲಿ ನೂರು ಜನರ ಪ್ರಾಣವನ್ನು ಒಬ್ಬನ ಎಚ್ಚರವು ಕಾಯಬೇಕು. ಜಾತಕದ ನಿಯಾಮಕನಿಗೆ ಎರಡು ಕಣ್ಣುಗಳಿದ್ದುವು, ಅವು ಮುಚ್ಚಿದುವು. ಸಹಾರದವನಿಗೆ ಸರಿಯಾದ ಕಣ್ಣು ಒಂದೂ ಇರಲಿಲ್ಲ, ಆದರೆ ಅವನು ಎಚ್ಚತ್ತಿದ್ದನು. ಆದರೂ ಕಥೆಯು ನಿಯಾಮಕನನ್ನು ಹಳಿಯುವುದಿಲ್ಲ. ಬಹು ರಾತ್ರಿ ಎಚ್ಚತ್ತವನಿಗೆ ಒಂದು ರಾತ್ರಿ ನಿದ್ದೆ ಬರುವುದು ಸಹಜ. ದಾರಿ ಮುಗಿಯಿತೆಂದು ನೀರು ಚೆಲ್ಲಿದವರು ಉಳಿದವರಲ್ಲವೆ? ಕೊನೆಯ ಯೋಜನವನ್ನು ದಾಟುವ ತನಕ ನೀರಿನ ಮಡಕೆಯನ್ನು ಬರಿದುಮಾಡಲಾಗದು.