ಶಸ್ತ್ರ ಮತ್ತು ಸೂತ್ರ

ಪಾಂಡವಪುರದ ಸಮೀಪದ ತೊಣ್ಣೂರು, ಹಿಂದಿನ ತೊಂಡನೂರು, ತನ್ನ ವಿಶಾಲವಾದ ಕೆರೆಗೂ ನಂಬಿನಾರಾಯಣನ ಗುಡಿಗೂ ಹೆಸರಾದ ಊರು. ರಾಮಾನುಜಾಚಾರ್ಯರು ಇಲ್ಲಿದ್ದಾಗ ಬಿಟ್ಟಿದೇವನ ಮಗಳನ್ನು ಹಿಡಿದಿದ್ದ ಪಿಶಾಚವನ್ನು ಬಿಡಿಸಿ ಆಕೆಯನ್ನು ಗುಣಪಡಿಸಿದರೆಂಬುದು ಈ ನಾಡಿನ ಐತಿಹ್ಯ. ದೇಹಕ್ಕೆ ಕತ್ತಿ ಸೋಕಿಸದೆ ಬಾಧೆಯನ್ನು ನೀಗಿದ ಕಥೆ ಅದು. ಇಲ್ಲಿಂದ ಬಹು ದೂರವಲ್ಲದ ಶ್ರೀರಂಗಪಟ್ಟಣದ ಯುದ್ಧಗಳು ಇದಕ್ಕೆ ತೀರ ಬೇರೆಯಾದ ಇನ್ನೊಂದು ಕಥೆಯನ್ನು ನಮಗೆ ಬಿಟ್ಟುಹೋಗಿವೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕೊವಾಸ್ಜಿ ಎಂಬ ಮರಾಠಿಗ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡ. ಮುಂದೆ ಪುಣೆಯ ಬಳಿ ದೇಶೀ ಶಸ್ತ್ರವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಬುಡ ಕಡಿಯದೆ ಕೆಳಗೆ ತಿರುಗಿಸಿ ಹೊಸ ಮೂಗನ್ನು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾದ ಈ ವೃತ್ತಾಂತವನ್ನು ಓದಿದ ಯೂರೋಪು ಬೆರಗಾಯಿತು. 1814ರಲ್ಲಿ ಕಾರ್ಪ್ಯೂ ಎಂಬ ಇಂಗ್ಲಿಷ್ ವೈದ್ಯ ಅದೇ ವಿಧಾನವನ್ನು ತನ್ನ ದೇಶದಲ್ಲಿ ಪ್ರಯೋಗಿಸಿ ಯಶಸ್ವಿಯಾದ.

ಕೊಯ್ಯಬೇಕೆ, ಕೊಯ್ಯದೆ ಗುಣಪಡಿಸಬೇಕೆ? ಈ ಪ್ರಶ್ನೆ ವೈದ್ಯದಷ್ಟೇ ಹಳೆಯದು. ದೊಡ್ಡ ಕಾಯಿಲೆಗಳಿಗಿಂತ ಸಣ್ಣದೊಂದು ಕಾಯಿಲೆಯಲ್ಲಿ ಅದರ ಇತಿಹಾಸ ಸ್ಪಷ್ಟವಾಗಿ ಕಾಣುತ್ತದೆ. ಬೆನ್ನೆಲುಬಿನ ತುದಿಯಲ್ಲಿ, ಪೃಷ್ಠಗಳ ನಡುವಣ ಸೀಳಿನಲ್ಲಿ, ಚರ್ಮದೊಳಗೆ ಕೂದಲು ಹೊಕ್ಕು, ಅಲ್ಲಿ ಕೀವು ಕಟ್ಟಿ, ಸುರಂಗದಂತೆ ಹುಣ್ಣು ಬೆಳೆಯುವ ರೋಗ ಇದು. ಪ್ರಾಣಕ್ಕೆ ಅಪಾಯ ತರುವುದು ತೀರ ಅಪರೂಪ. ಆದರೆ ಕೂರಲು ಬಿಡದು, ನಾಚಿಕೆಯಿಂದ ಹೇಳಿಕೊಳ್ಳಲೂ ಬಿಡದು. ಹರೆಯದ ಗಂಡಸರಲ್ಲಿ ಹೆಚ್ಚು. 1833ರಲ್ಲಿ ಹರ್ಬರ್ಟ್ ಮೇಯೊ ಇದನ್ನು ವರ್ಣಿಸಿದ. 1880ರಲ್ಲಿ ಬಾಸ್ಟನ್ನಿನ ಹಾಜಸ್ ಲ್ಯಾಟಿನ್ನಿನ ‘ಕೂದಲು’, ‘ಗೂಡು’ ಎಂಬ ಎರಡು ಪದಗಳನ್ನು ಬೆಸೆದು ‘ಪಿಲೋನಿಡಲ್ ಸೈನಸ್’ ಎಂದು ಹೆಸರಿಟ್ಟ. ಕೂದಲಗೂಡು ಎಂದು ನಾವು ಅನ್ನಬಹುದು.

ಹೆಸರು ಹೊಸದು, ರೋಗದ ಜಾತಿ ಹಳೆಯದು. ಸುಶ್ರುತಸಂಹಿತೆಯಲ್ಲಿ ನಾಡೀವ್ರಣದ ಪ್ರಕರಣವಿದೆ. ನಾಡಿಯೆಂದರೆ ಕೊಳವೆ; ಒಳಗೊಳಗೇ ಹರಿದು ಕೀವು ಸುರಿಸುವ ಹುಣ್ಣು ನಾಡೀವ್ರಣ. ಅದರ ಒಂದು ಬಗೆ ದೇಹದಲ್ಲಿ ಸಿಕ್ಕಿಕೊಂಡ ಶಲ್ಯದಿಂದ ಹುಟ್ಟುತ್ತದೆ. ಶಲ್ಯವೆಂದರೆ ಬಾಣದ ಮೊನೆ ಮಾತ್ರವಲ್ಲ. ಹಲ್ಲು, ಉಗುರು, ಕೂದಲುಗಳನ್ನೂ ಸುಶ್ರುತ ಶಲ್ಯಗಳೆಂದೇ ಎಣಿಸುತ್ತಾನೆ. ಇಂಥ ಹುಣ್ಣಿನ ದಾರಿಯನ್ನು ಸೀಳಿ, ಶಲ್ಯವನ್ನು ತೆಗೆದು, ಶುದ್ಧಿಮಾಡಬೇಕೆನ್ನುವ ಆತ ಅಷ್ಟಕ್ಕೇ ನಿಲ್ಲುವುದಿಲ್ಲ. ರೋಗಿ ಬಡಕಲಾಗಿದ್ದರೆ, ದುರ್ಬಲನಾಗಿದ್ದರೆ, ಅಂಜುವವನಾಗಿದ್ದರೆ, ಹುಣ್ಣು ಮರ್ಮಸ್ಥಾನದಲ್ಲಿದ್ದರೆ, ಜಾಣನಾದ ವೈದ್ಯ ಶಸ್ತ್ರವನ್ನು ಬಿಟ್ಟು ಕ್ಷಾರಸೂತ್ರವನ್ನು ಬಳಸಬೇಕು ಎನ್ನುತ್ತಾನೆ. ಭಯವನ್ನೂ ರೋಗದ ಲೆಕ್ಕದಲ್ಲಿ ಸೇರಿಸಿದ ಈ ಮಾತು ಶಸ್ತ್ರವೈದ್ಯದ ಆಚಾರ್ಯನದೇ ಎಂಬುದು ಗಮನಾರ್ಹ.

ಕನ್ನಡದಲ್ಲಿಯೂ ವೈದ್ಯವನ್ನು ಬರೆದಿಡುವ ಪರಂಪರೆ ಪುರಾತನವಾದುದು. ತೊಂಡನೂರು ಹೊಯ್ಸಳರ ಆಳ್ವಿಕೆಯಲ್ಲಿ ಮೆರೆಯುತ್ತಿದ್ದ ಹನ್ನೆರಡನೆಯ ಶತಮಾನದಲ್ಲೇ ಜಗದ್ದಳ ಸೋಮನಾಥ ‘ಕರ್ನಾಟಕ ಕಲ್ಯಾಣಕಾರಕ’ವನ್ನು ರಚಿಸಿದ, ಮದ್ಯ, ಮಾಂಸ, ಮಧುಗಳಿಲ್ಲದ ಔಷಧವನ್ನು ಹೇಳಿದ. ಮದ್ದು ರೋಗಕ್ಕೆ ಒಪ್ಪಿದರೆ ಸಾಲದು, ರೋಗಿಯ ಬಾಳಿಗೂ ಒಪ್ಪಬೇಕೆಂಬ ನಿಲುವು ಅಲ್ಲಿಯೂ ಇದೆ.

ಆಧುನಿಕ ಶಸ್ತ್ರವೈದ್ಯ ಬಹುಕಾಲ ಈ ರೋಗವನ್ನು ಹುಟ್ಟಿನಿಂದ ಬಂದ ದೋಷವೆಂದು ನಂಬಿತ್ತು. ದೋಷ ಹುಟ್ಟಿನದಾದರೆ ಬುಡಸಮೇತ ಕಿತ್ತುಹಾಕಬೇಕಲ್ಲವೆ? ಹಾಗಾಗಿ ಎಲುಬಿನ ಹೊದಿಕೆಯವರೆಗೆ ಮಾಂಸವನ್ನು ಕೊಯ್ದು ತೆಗೆಯುವುದು ವಾಡಿಕೆಯಾಯಿತು. ಎರಡನೆಯ ಮಹಾಯುದ್ಧ ಆ ನಂಬಿಕೆಯನ್ನು ಅಲುಗಿಸಿತು. ಅಮೆರಿಕದ ಸೈನ್ಯದಲ್ಲಿ ಸುಮಾರು 80,000 ಮಂದಿ ಇದಕ್ಕಾಗಿ ಆಸ್ಪತ್ರೆ ಸೇರಿದರು. ಕುಲುಕುವ ಜೀಪುಗಳಲ್ಲಿ ಕೂತವರಿಗೆ ಬರುವುದೆಂದು 1944ರಲ್ಲಿ ಬ್ಯೂಯಿ ಎಂಬ ವೈದ್ಯ ಇದನ್ನು ‘ಜೀಪ್ ರೋಗ’ವೆಂದು ಕರೆದ. ಗಾಯ ಮಾಯಲು ವಾರಗಳು, ತಿಂಗಳುಗಳು ಹಿಡಿದವು. ಮಾಯ್ದದ್ದು ಮತ್ತೆ ಒಡೆಯಿತು. 1946ರಲ್ಲಿ ಲಂಡನ್ನಿನ ಪೇಟಿ ಮತ್ತು ಸ್ಕಾರ್ಫ್, ಕೂದಲು ಹೊರಗಿನಿಂದ ಚರ್ಮವನ್ನು ಹೊಕ್ಕು ಗೂಡು ಕಟ್ಟುತ್ತದೆ ಎಂದು ವಾದಿಸಿದರು. ಕ್ಷೌರಿಕರ ಬೆರಳ ಸಂದಿಯಲ್ಲಿಯೂ ಇದೇ ಬಗೆಯ ಹುಣ್ಣು ಕಂಡುಬರುತ್ತದೆ. ಅದರೊಳಗಿನ ಕೂದಲು ಗಿರಾಕಿಯದು. ಇದಕ್ಕಿಂತ ಮಿಗಿಲಾದ ಸಾಕ್ಷ್ಯ ಬೇಕೆ?

ಕಾರಣದ ಕಲ್ಪನೆ ಬದಲಾದೊಡನೆ ಚಿಕಿತ್ಸೆಯೂ ಕವಲೊಡೆಯಿತು. ಒಂದು ಕವಲು ಶಸ್ತ್ರದ್ದೇ. 1973ರಲ್ಲಿ ಗ್ರೀಸಿನ ಸೇನಾವೈದ್ಯ ಕಾರಿಡಾಕಿಸ್ ಹೊಲಿಗೆಯನ್ನು ಸೀಳಿನ ನಡುಗೆರೆಯಿಂದ ಪಕ್ಕಕ್ಕೆ ಸರಿಸಿದ. ಸೋವಿಯತ್ ವೈದ್ಯ ಲಿಂಬರ್ಗ್ ರೂಪಿಸಿದ್ದ, ನೆರೆಯ ಚರ್ಮವನ್ನು ವಜ್ರಾಕೃತಿಯಲ್ಲಿ ತಿರುಗಿಸುವ ಕ್ರಮವೂ ಇಲ್ಲಿ ಬಳಕೆಗೆ ಬಂತು. ಕೊವಾಸ್ಜಿಯ ಮೂಗನ್ನು ಕಟ್ಟಿದ ತತ್ತ್ವವೇ ಇದು: ಖಾಲಿಬಿದ್ದ ಜಾಗಕ್ಕೆ ನೆರೆಯ ಜೀವಂತ ಚರ್ಮವನ್ನೇ ಕರೆತರುವುದು. ನಡುಗೆರೆಯಲ್ಲಿ ಹೊಲಿಯುವುದಕ್ಕಿಂತ ಪಕ್ಕದಲ್ಲಿ ಹೊಲಿಯುವುದೇ ಮೇಲೆಂದು 2010ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿನೋಡಿದ ಸಮೀಕ್ಷೆಯೊಂದು ನಿರ್ಣಯಿಸಿತು. ಗಾಯವನ್ನು ತೆರೆದೇ ಬಿಟ್ಟರೆ ಅದು ನಿಧಾನವಾಗಿ ಮಾಯುತ್ತದೆ. ಆದರೆ ರೋಗ ಮರಳುವುದು ಕಡಿಮೆ.

ಇನ್ನೊಂದು ಕವಲು ಶಸ್ತ್ರವನ್ನು ಆದಷ್ಟು ದೂರವಿಡುವುದು. 1964ರಿಂದ ಹುಣ್ಣಿನೊಳಕ್ಕೆ ಫಿನಾಲ್ ಹಾಕುವ ಕ್ರಮ ಬಂತು. ಸುತ್ತಲಿನ ಕೂದಲನ್ನು ಬೋಳಿಸುತ್ತಾ, ಸ್ಥಳವನ್ನು ಶುಚಿಯಾಗಿಡುತ್ತಾ ಬಂದರೆ ಬಹುಮಂದಿಗೆ ದೊಡ್ಡ ಶಸ್ತ್ರಕ್ರಿಯೆಯೇ ಬೇಡವೆಂದು 1994ರಲ್ಲಿ ಅಮೆರಿಕದ ಸೇನಾವೈದ್ಯರೇ ವರದಿಮಾಡಿದರು. ನಮ್ಮಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಡಾ. ಪಿ. ಜೆ. ದೇಶಪಾಂಡೆಯವರು ಕ್ಷಾರಸೂತ್ರಕ್ಕೆ ಮರುಜೀವ ಕೊಟ್ಟರು. ಕಳ್ಳಿಹಾಲು, ಉತ್ತರಾಣಿಯ ಕ್ಷಾರ, ಅರಿಶಿನಗಳನ್ನು ದಾರಕ್ಕೆ ಇಪ್ಪತ್ತೊಂದು ಸಲ ಲೇಪಿಸಿ ಒಣಗಿಸುತ್ತಾರೆ. ಹುಣ್ಣಿನ ದಾರಿಯಲ್ಲಿ ಪೋಣಿಸಿದ ಆ ದಾರವನ್ನು ವಾರಕ್ಕೊಮ್ಮೆ ಬದಲಿಸುತ್ತಾರೆ. ಅದು ಕೊಯ್ಯುತ್ತಲೇ ಮಾಯಿಸುತ್ತದೆ. ಇದರ ಬಂಧುವಾದ ಭಗಂದರ ರೋಗದಲ್ಲಿ ನಡೆದು 1991ರಲ್ಲಿ ಪ್ರಕಟವಾದ ಭಾರತೀಯ ಪರೀಕ್ಷೆಯಲ್ಲಿ ದಾರದಿಂದ ಗುಣವಾಗಲು ಸುಮಾರು 8 ವಾರ, ಶಸ್ತ್ರದಿಂದ 4 ವಾರ ಹಿಡಿಯಿತು. ಆದರೆ ರೋಗ ಮರುಕಳಿಸಿದ್ದು ದಾರದಲ್ಲಿ ನೂರಕ್ಕೆ 4, ಶಸ್ತ್ರದಲ್ಲಿ 11. ಭಗಂದರದ ಲೆಕ್ಕವನ್ನು ಹಾಗೆಯೇ ಕೂದಲಗೂಡಿಗೆ ಹಚ್ಚುವಂತಿಲ್ಲ. ಆದರೂ ಬೇಗ ಮಾಯುವುದೇ ಚೆನ್ನಾಗಿ ಮಾಯುವುದಲ್ಲ ಎಂಬ ಪಾಠ ಅದರಲ್ಲಿದೆ.

ತೊಣ್ಣೂರಿನ ಕಡೆಯ ರೋಗಿಯೊಬ್ಬ ಮೈಸೂರಿಗೆ ಹೋದರೆ ಅವನ ಮುಂದೆ ಎರಡು ಬಾಗಿಲುಗಳಿವೆ: 1908ರಲ್ಲಿ ತೆರೆದ ಆಯುರ್ವೇದ ಕಾಲೇಜಿನದು, 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜಿನದು. ಯಾವುದು ಮೇಲೆಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಇತಿಹಾಸಕ್ಕೆ ಒಪ್ಪುವ ಕೆಲಸವಲ್ಲ. ಕೀವು ತುಂಬಿ ಊದಿಕೊಂಡ ಕುರುವನ್ನು ಕೊಯ್ದು ಹರಿಯಬಿಡಲೇಬೇಕು. ಅಲ್ಲಿ ದಾರಕ್ಕೂ ಲೇಪಕ್ಕೂ ಕಾಯುವುದು ತಪ್ಪು. ಕವಲೊಡೆದು ಮರಮರಳಿ ಕಾಡುವ ಹುಣ್ಣಿಗೆ ನುರಿತ ಶಸ್ತ್ರವೈದ್ಯನ ಕೈ ಬೇಕು. ಸಣ್ಣದಾಗಿ, ಶಾಂತವಾಗಿರುವ ಗೂಡಿಗೆ ಅಂಗೈಯಗಲದ ಗಾಯ ಮಾಡುವುದು ರೋಗಕ್ಕಿಂತ ಮದ್ದನ್ನೇ ದೊಡ್ಡದು ಮಾಡಿದಂತೆ. ದಿನವಿಡೀ ಬಸ್ಸು ಓಡಿಸಬೇಕಾದ ಚಾಲಕನಿಗೂ, ತಿಂಗಳೊಪ್ಪತ್ತು ಮನೆಯಲ್ಲಿರಬಲ್ಲ ವಿದ್ಯಾರ್ಥಿಗೂ ಒಂದೇ ಚಿಕಿತ್ಸೆ ಸರಿಹೋಗಬೇಕೆಂದಿಲ್ಲ. ಯಾವ ದಾರಿ ಹಿಡಿದರೂ ಮುಂದೆ ಕೂದಲು ಸೇರದಂತೆ ನೋಡಿಕೊಳ್ಳುವ ಎಚ್ಚರ ರೋಗಿಯದೇ.

ಈ ಎಲ್ಲ ವಿವೇಚನೆಗೂ ಮೊದಲು ರೋಗಿ ಬಾಯಿ ಬಿಡಬೇಕು. ಹೇಳಲು ನಾಚಿ ವರ್ಷಗಟ್ಟಲೆ ಬಚ್ಚಿಟ್ಟ ಹುಣ್ಣು ಒಳಗೊಳಗೇ ಕವಲೊಡೆಯುತ್ತದೆ. ಆಗ ಸೂತ್ರದ ಆಯ್ಕೆ ಕೈತಪ್ಪಿ ಶಸ್ತ್ರವೊಂದೇ ಉಳಿಯಬಹುದು. ರೋಗಿಯ ಅಂಜಿಕೆಯನ್ನು ಕೇಳಿಸಿಕೊಳ್ಳಬೇಕೆಂದು ಸುಶ್ರುತ ವೈದ್ಯನಿಗೆ ವಿಧಿಸಿದ್ದ. ಆ ಅಂಜಿಕೆಯನ್ನು ಮನೆಯವರೂ ಗೆಳೆಯರೂ ಗೇಲಿಯಿಲ್ಲದೆ ಕೇಳಿಸಿಕೊಂಡರೆ, ಎಷ್ಟೋ ಹುಡುಗರು ಸಕಾಲದಲ್ಲಿ ವೈದ್ಯರ ಬಾಗಿಲನ್ನು ತಟ್ಟಿಯಾರು.