ಮರುಭೂಮಿಯ ಯೋಧರು ಕಡಲಿಗಿಳಿದಾಗ

ಹಿಜಾಝಿನ ಅರಬರು ಒಂಟೆ ಮತ್ತು ಕುದುರೆಗಳ ಬೆನ್ನ ಮೇಲೆ ಬೆಳೆದವರು. ಯರ್ಮೂಕ್ ಮತ್ತು ಕಾದಿಸಿಯ್ಯಾದ ರಣರಂಗಗಳಲ್ಲಿ ಎರಡು ಮಹಾ ಸಾಮ್ರಾಜ್ಯಗಳ ಸೇನೆಗಳನ್ನು ಎದುರಿಸಿ ಗೆದ್ದ ಇವರಲ್ಲಿ ಹೆಚ್ಚಿನವರಿಗೆ ಕಡಲು ಅಪರಿಚಿತವಾಗಿತ್ತು. ಇಂತಹ ಭೂಸೇನೆಯ ಯೋಧರು ಒಂದೇ ತಲೆಮಾರಿನಲ್ಲಿ ನೌಕಾಯೋಧರಾದ ಚರಿತ್ರೆಯು ಕೇವಲ ವಿಜಯದ ಕಥೆಯಲ್ಲ. ಅದು ಜನರ ಪ್ರಾಣವನ್ನು ಅಮಾನತ್ತೆಂದು ಬಗೆದ ಆಡಳಿತಗಾರರ ಕಥೆಯೂ ಹೌದು.

ದ್ವಿತೀಯ ಖಲೀಫ ಹ. ಉಮರ್(ರ)ರವರ ಕಾಲದಲ್ಲಿ ಬಹ್ರೈನಿನ ಅಧಿಕಾರಿಯಾಗಿದ್ದ ಅಲಾ ಬಿನ್ ಹಳ್‌ರಮಿ(ರ)ಯವರು ಖಲೀಫರ ಅನುಮತಿ ಪಡೆಯದೆ ಸೇನೆಯನ್ನು ಹಡಗುಗಳಲ್ಲಿ ಪರ್ಶಿಯಾದ ತೀರಕ್ಕೆ ಕಳುಹಿಸಿದರು. ಶತ್ರುಗಳು ಆ ಸೇನೆಗೂ ಅದರ ಹಡಗುಗಳಿಗೂ ನಡುವೆ ಬಂದು ನಿಂತರು. ಹಿಂದಿರುಗುವ ದಾರಿ ಮುಚ್ಚಿಹೋಯಿತು. ಕೊನೆಗೆ ಬಸರಾದಿಂದ ನೆರವಿನ ಸೇನೆ ಹೋಗಿ ಅವರನ್ನು ಪಾರುಮಾಡಬೇಕಾಯಿತು. ಉಮರ್(ರ)ರವರು ಅಲಾರನ್ನು ಆ ಅಧಿಕಾರದಿಂದ ತೆಗೆದು, ಸಅದ್ ಬಿನ್ ಅಬೀ ವಕ್ಕಾಸ್(ರ)ರವರ ಅಧೀನಕ್ಕೆ ವರ್ಗಾಯಿಸಿದರೆಂದು ತಬರಿಯವರು ದಾಖಲಿಸಿದ್ದಾರೆ.

ಈ ಹಿನ್ನೆಲೆಯಲ್ಲಿ ಸಿರಿಯಾದ ಗವರ್ನರ್ ಮುಆವಿಯ(ರ)ರವರು ಸೈಪ್ರಸ್ ದ್ವೀಪದತ್ತ ನೌಕಾಯಾನಕ್ಕೆ ಅನುಮತಿ ಕೋರಿದಾಗ ಖಲೀಫರು ಅವಸರಪಡಲಿಲ್ಲ. ಈಜಿಪ್ಟಿನಲ್ಲಿದ್ದ ಅಮ್ರ್ ಬಿನ್ ಆಸ್(ರ)ರವರಿಗೆ ಪತ್ರ ಬರೆದು, ಕಡಲಿನ ಸ್ವರೂಪವನ್ನು ವಿವರಿಸುವಂತೆ ಕೇಳಿದರು. ಅಪಾರ ಜಲರಾಶಿಯ ನಡುವೆ ಮನುಷ್ಯನು ಮರದ ತುಂಡಿಗೆ ಅಂಟಿಕೊಂಡ ಹುಳದಂತೆ ಎಂಬ ಅರ್ಥದ ಉತ್ತರ ಬಂದಿತು. ಮುಸ್ಲಿಮರನ್ನು ಅಂತಹ ಅಪಾಯಕ್ಕೆ ಒಡ್ಡಲು ಉಮರ್(ರ)ರವರು ಒಪ್ಪಲಿಲ್ಲ. ಇದನ್ನು ಭಯವೆಂದು ಭಾವಿಸಬಾರದು. ಅರಿಯದ ವಿಷಯವನ್ನು ಅರಿತವರಿಂದ ಕೇಳಿ ತಿಳಿದು, ಬಳಿಕ ನಿರ್ಧರಿಸುವ ವಿವೇಕವಿದು.

ಆದರೆ ಕಾಲ ಬದಲಾಯಿತು. ಕ್ರಿ.ಶ. 645ರಲ್ಲಿ ಬೈಝಾಂಟೈನ್ ನೌಕಾಪಡೆಯು ಹಠಾತ್ತಾಗಿ ಅಲೆಕ್ಸಾಂಡ್ರಿಯವನ್ನು ವಶಪಡಿಸಿಕೊಂಡಿತು. ಅದನ್ನು ಮರಳಿ ಪಡೆಯಲಾಯಿತಾದರೂ, ಕಡಲು ಶತ್ರುವಿನ ಕೈಯಲ್ಲಿರುವವರೆಗೆ ಕರಾವಳಿಯ ಜನರಿಗೆ ನೆಮ್ಮದಿಯಿಲ್ಲವೆಂಬುದು ಸ್ಪಷ್ಟವಾಯಿತು. ಮುಆವಿಯ(ರ)ರವರು ತೃತೀಯ ಖಲೀಫ ಹ. ಉಸ್ಮಾನ್(ರ)ರವರಲ್ಲಿ ಮತ್ತೆ ಕೋರಿಕೆ ಸಲ್ಲಿಸಿದರು. ಈ ಬಾರಿ ಅನುಮತಿ ದೊರೆಯಿತು. ಆದರೆ ಒಂದು ಶರತ್ತಿನೊಂದಿಗೆ: ಯಾರನ್ನೂ ಬಲವಂತದಿಂದ ಹಡಗು ಹತ್ತಿಸಬಾರದು, ಚೀಟಿ ಎತ್ತಿಯೂ ಆರಿಸಬಾರದು, ಸ್ವಇಚ್ಛೆಯಿಂದ ಮುಂದೆ ಬಂದವರನ್ನು ಮಾತ್ರ ಕರೆದೊಯ್ಯಬೇಕು.

ನೆಲದ ಮೇಲೆ ಹೋರಾಡಲು ಬಂದವನನ್ನು ಅವನ ಒಪ್ಪಿಗೆಯಿಲ್ಲದೆ ಕಡಲಿಗೆ ಕಳುಹಿಸಬಾರದೆಂಬ ಈ ಆದೇಶವು ಹದಿನಾಲ್ಕು ಶತಮಾನಗಳ ಹಿಂದಿನದೆಂಬುದನ್ನು ನಾವು ಮರೆಯಬಾರದು.

ಹಿಜರಿ 28ರಲ್ಲಿ, ಅಂದರೆ ಕ್ರಿ.ಶ. 649ರಲ್ಲಿ, ಸೈಪ್ರಸ್ ದಂಡಯಾತ್ರೆ ಹೊರಟಿತು. ಅಬುದ್ದರ್ದಾಅ್(ರ), ಉಬಾದ ಬಿನ್ ಸಾಮಿತ್(ರ) ಮೊದಲಾದ ಸಹಾಬಿಗಳು ಅದರಲ್ಲಿದ್ದರು. ಉಬಾದರ ಪತ್ನಿ ಉಮ್ಮು ಹರಾಮ್(ರ)ರವರೂ ಜೊತೆಗಿದ್ದರು. ಹಿಂದೊಮ್ಮೆ ಪ್ರವಾದಿ(ಸ)ಯವರು ಅವರ ಮನೆಯಲ್ಲಿ ವಿಶ್ರಮಿಸಿ ಮುಗುಳ್ನಗುತ್ತಾ ಎಚ್ಚರಗೊಂಡು, ತನ್ನ ಸಮುದಾಯದ ಕೆಲವರು ಸಿಂಹಾಸನದಲ್ಲಿರುವ ಅರಸರಂತೆ ಕಡಲಿನ ಮೇಲೆ ಪಯಣಿಸುವುದನ್ನು ಕಂಡೆನೆಂದು ತಿಳಿಸಿದ್ದರು. ಆ ತಂಡದಲ್ಲಿ ತಾನೂ ಇರುವಂತೆ ಪ್ರಾರ್ಥಿಸಬೇಕೆಂದು ಉಮ್ಮು ಹರಾಮ್ ಕೋರಿದ್ದರು. ಸಹೀಹ್ ಬುಖಾರಿಯಲ್ಲಿ ಈ ಘಟನೆಯಿದೆ. ಕಡಲಯಾನ ಮುಗಿಸಿ ಇಳಿದ ಬಳಿಕ ಸವಾರಿ ಪ್ರಾಣಿಯಿಂದ ಬಿದ್ದು ಅವರು ಕೊನೆಯುಸಿರೆಳೆದರು. ಸೈಪ್ರಸ್‌ನ ಲಾರ್ನಕ ನಗರದ ಸಮೀಪ, ಉಪ್ಪಿನ ಸರೋವರದ ದಡದಲ್ಲಿ ಅವರ ಸಮಾಧಿಯೆಂದು ಗೌರವಿಸಲಾಗುವ ಸ್ಥಳ ಇಂದಿಗೂ ಇದೆ.

ಈ ಹೊಸ ಪಡೆಯನ್ನು ಕಟ್ಟಿದವರು ಅರಬ್ ಯೋಧರು ಮಾತ್ರವಲ್ಲ. ಹಡಗು ಕಟ್ಟುವ ಕೌಶಲ ಈಜಿಪ್ಟಿನ ಕೋಪ್ಟಿಕ್ ಕ್ರೈಸ್ತರಲ್ಲಿಯೂ ಸಿರಿಯಾದ ಕರಾವಳಿಯವರಲ್ಲಿಯೂ ಇತ್ತು. ಯುದ್ಧದಲ್ಲಿ ಗೆದ್ದವರು ಈ ಕುಶಲಕರ್ಮಿಗಳ ನೆರವನ್ನು ಪಡೆಯಲು ಸಂಕೋಚಪಡಲಿಲ್ಲ. ಕೆಲವೇ ವರ್ಷಗಳ ಬಳಿಕ, ಹಿಜರಿ 34ರ ಸುಮಾರಿಗೆ, 'ದಾತುಸ್ಸವಾರಿ' ಅಥವಾ ಕೂವೆಗಂಬಗಳ ಕದನದಲ್ಲಿ ಅಬ್ದುಲ್ಲಾ ಬಿನ್ ಸಅದ್ ಅವರ ನೇತೃತ್ವದ ಪಡೆಯು ಚಕ್ರವರ್ತಿ ಎರಡನೇ ಕಾನ್‌ಸ್ಟನ್ಸ್‌ನ ಬೃಹತ್ ನೌಕಾಪಡೆಯನ್ನು ಸೋಲಿಸಿತು. ಹಡಗುಗಳನ್ನು ಒಂದಕ್ಕೊಂದು ಬಿಗಿದು, ಹಲಗೆಯ ಮೇಲೆಯೇ ಖಡ್ಗ ಹಿಡಿದು ಕಾದಾಡಿದರೆಂದು ಚರಿತ್ರೆಕಾರರು ಹೇಳುತ್ತಾರೆ. ನೆಲದಲ್ಲಿ ಕಲಿತ ವಿದ್ಯೆ ಕಡಲಿನಲ್ಲಿ ವ್ಯರ್ಥವಾಗಲಿಲ್ಲ.

ಸೈಪ್ರಸ್ ವಿಜಯದ ದಿನ ಅಬುದ್ದರ್ದಾಅ್(ರ)ರವರು ಸೆರೆಯಾಳುಗಳನ್ನು ಕಂಡು ಅತ್ತರು. ಕಾರಣ ಕೇಳಿದಾಗ, ಬಲಿಷ್ಠವಾಗಿದ್ದ ಜನಾಂಗವೂ ಅಲ್ಲಾಹನ ಆಜ್ಞೆಯನ್ನು ತೊರೆದರೆ ಎಂತಹ ಸ್ಥಿತಿಗೆ ಇಳಿಯುತ್ತದೆಂದು ನೆನಪಿಸಿದರು. ಹೊಸ ಕ್ಷೇತ್ರದ ಪ್ರಥಮ ಗೆಲುವಿನಲ್ಲಿ ಅವರು ಕಂಡದ್ದು ಹೆಮ್ಮೆಯನ್ನಲ್ಲ, ತಮಗಿರುವ ಎಚ್ಚರಿಕೆಯನ್ನು.

ಮಕ್ಕಳ ಓದು, ಉದ್ಯೋಗ, ವಿವಾಹಗಳ ತೀರ್ಮಾನ ಕೈಗೊಳ್ಳುವ ನಾವೂ ನಮ್ಮ ಮನೆಗಳಲ್ಲಿ ಅಧಿಕಾರ ಹೊಂದಿದವರೇ. ಅರಿತವರನ್ನು ಕೇಳಿದ ಉಮರ್(ರ)ರವರ ವಿವೇಕವೂ, ಒಪ್ಪಿಗೆಯಿಲ್ಲದೆ ಯಾರನ್ನೂ ಹಡಗು ಹತ್ತಿಸದ ಉಸ್ಮಾನ್(ರ)ರವರ ನ್ಯಾಯವೂ ನಮ್ಮ ತೀರ್ಮಾನಗಳಲ್ಲಿರಲಿ. ಅಲ್ಲಾಹನು ಅನುಗ್ರಹಿಸಲಿ. ಆಮೀನ್.